ಹಾಕಿದ ಗೆರೆ ದಾಟದವರು

‘ಹಾಕಿದ ಗೆರೆ ದಾಟದ ಹುಡುಗಿ’ ಎಂಬ ಮಾತು ನಮ್ಮ ಕಡೆಯ ಮನೆಗಳಲ್ಲಿ, ವಿಶೇಷತಃ ವರಾನ್ವೇಷಣೆಯ ಸಂದರ್ಭದಲ್ಲಿ, ಪ್ರಶಂಸೆಯ ಪರಮಾವಧಿಯೆಂದೇ ಬಹುಕಾಲ ಸಲ್ಲುತ್ತಿದ್ದುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ಕಾಲೇಜು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಆಟದ ಪೂರ್ವೋತ್ತರವನ್ನು ಅರಸಿಹೊರಟ ನನಗೆ, ಆ ಮಾತು ಕೇವಲ ಅಲಂಕಾರವಾಗಿ ಉಳಿಯದೆ, ಅಂಕಣದ ನೆಲದ ಮೇಲೆ ನಿಜವಾಗಿಯೇ ಎಳೆದ ಗೆರೆಯಾಗಿ ಕಾಣಸಿಕ್ಕಿದುದು ವಿಸ್ಮಯವನ್ನೂ ಕೊಂಚ ನಗೆಯನ್ನೂ ತಂದಿತು.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ, ಚಳಿಗಾಲದಲ್ಲಿ ಹೊರಗೆ ಆಡಲಾರದ ತರುಣರ ಚಡಪಡಿಕೆಯನ್ನು ಶಮನಗೊಳಿಸುವುದಕ್ಕಾಗಿ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರದಲ್ಲಿ ಹೊಡೆದು ನಿಲ್ಲಿಸಿ ಹದಿಮೂರು ನಿಯಮಗಳನ್ನು ಬರೆದ ಕಥೆ ಪ್ರಸಿದ್ಧವಾದುದೇ. ಅಷ್ಟು ಪ್ರಸಿದ್ಧವಲ್ಲದ ವೃತ್ತಾಂತವೆಂದರೆ, ಅಲ್ಲಿಗೆ ಅನತಿದೂರದ ಸ್ಮಿತ್ ಮಹಿಳಾ ಕಾಲೇಜಿನಲ್ಲಿ, ತಾವೇ ದುರ್ಬಲ ಶರೀರದವರಾಗಿದ್ದು ವ್ಯಾಯಾಮದಿಂದ ಚೇತರಿಸಿಕೊಂಡಿದ್ದ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿ, ಒಂದು ಪತ್ರಿಕೆಯಲ್ಲಿ ಈ ಆಟದ ವಿಷಯವನ್ನೋದಿ, ತಮ್ಮ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸತೊಡಗಿದುದು. 1893ರ ಮಾರ್ಚ್ 22ರಂದು ಪ್ರಥಮ ವರ್ಷದವರಿಗೂ ದ್ವಿತೀಯ ವರ್ಷದವರಿಗೂ ಪಂದ್ಯವಾಯಿತು, ಗಂಡಸರಿಗೆ ಪ್ರವೇಶವಿರಲಿಲ್ಲ, ಬೆರೆನ್ಸನ್ನರು ಮೇಲಕ್ಕೆಸೆದ ಮೊದಲನೆಯ ಚೆಂಡೇ ಒಂದು ಪಕ್ಷದ ನಾಯಕಿಯ ಚಾಚಿದ ಕೈಗೆ ಬಡಿದು ಅವಳ ಭುಜದ ಕೀಲು ತಪ್ಪಿತು. ಆಟವೇನೂ ನಿಲ್ಲಲಿಲ್ಲ.

ಗೆರೆಯ ಪ್ರಸ್ತಾಪ ಬರುವುದು ಇಲ್ಲಿಯೇ. ಹುಡುಗಿಯರು ಮಿತಿಮೀರಿ ದಣಿಯಬಾರದು, ಒಬ್ಬರನ್ನೊಬ್ಬರು ನೂಕಬಾರದು ಎಂಬ ಸಂಕಲ್ಪದಿಂದ ಬೆರೆನ್ಸನ್ನರು ಅಂಕಣವನ್ನು ಅಡ್ಡಲಾಗಿ ಎರಡು ಗೆರೆಗಳಿಂದ ಮೂರು ಭಾಗ ಮಾಡಿದರು. ತನ್ನ ಭಾಗದ ಗೆರೆಯನ್ನು ಯಾರೂ ದಾಟಕೂಡದು, ಅನ್ಯಳ ಕೈಯಿಂದ ಚೆಂಡನ್ನು ಕಸಿಯಕೂಡದು, ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರಕೂಡದು, ಮೂರು ಸಲಕ್ಕಿಂತ ಹೆಚ್ಚು ಪುಟಿಸಕೂಡದು. ಇಂದು ಇದನ್ನೋದಿ ನಗುವುದು ಸುಲಭ. ಆದರೆ ಆ ಕಾಲದ ತಾಯ್ತಂದೆಗಳನ್ನೂ ವೈದ್ಯರನ್ನೂ ನೆನೆದರೆ, ಆ ಗೆರೆಗಳಿಲ್ಲದಿದ್ದಲ್ಲಿ ಆಟವೇ ಇರುತ್ತಿರಲಿಲ್ಲವೆಂದು ನನಗನ್ನಿಸುತ್ತದೆ. ಅವು ಒಂದೊಂದಾಗಿ ಅಳಿದು, ಐವರು ಹುಡುಗಿಯರು ಇಡೀ ಅಂಕಣದಲ್ಲಿ ಓಡುವ ಅಧಿಕಾರವನ್ನು ಅಮೆರಿಕದ ಕಾಲೇಜುಗಳಲ್ಲಿ ಪಡೆಯುವ ವೇಳೆಗೆ 1971 ಆಗಿತ್ತು! ಮರುವರ್ಷವೇ ಸನ್ಯಾಸಿನಿಯರು ನಡೆಸುತ್ತಿದ್ದ ಇಮ್ಯಾಕ್ಯುಲಾಟಾ ಎಂಬ ಸಣ್ಣ ಕಾಲೇಜಿನ ಹುಡುಗಿಯರು ಹಲ್ಲುಜ್ಜುವ ಬ್ರಷ್ಷುಗಳನ್ನು ಮಾರಿ ಪ್ರಯಾಣದ ವೆಚ್ಚವನ್ನು ಕೂಡಿಸಿ, ಅದೂ ಸಾಲದೆ ಎಂಟೇ ಮಂದಿ ಹೋಗಿ, ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದುಬಂದರು. 1973ರಲ್ಲಿಯೂ 1974ರಲ್ಲಿಯೂ ಅವರೇ ಗೆದ್ದರು. ಅವರ ಪಂದ್ಯಗಳಲ್ಲಿ ಪೂಜ್ಯ ಸನ್ಯಾಸಿನಿಯರು ಬಕೆಟ್ಟುಗಳನ್ನು ಬಡಿದು ಹುರಿದುಂಬಿಸುತ್ತಿದ್ದರಂತೆ. 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ ಈ ಆಟ ಹೆಂಗಸರಿಗೂ ಒಲಿಂಪಿಕ್ ಆಟವಾಯಿತು.

ನಮ್ಮ ಸೀಮೆಗೆ ಇದು ಬಂದುದು ವೈ.ಎಂ.ಸಿ.ಎ.ಯ ಮಾರ್ಗವಾಗಿ, 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಟ ಮೇಷ್ಟ್ರುಗಳ ಹಿಂದೆ ಹಿಂದೆ ಆಟವೂ ನಡೆಯಿತು. ಆದರೆ ಶಿವಮೊಗ್ಗೆಯ ಕಾಲೇಜು ಹುಡುಗಿಯರಿಗೆ ಇನ್ನೊಂದು ಬಗೆಯ ಗೆರೆಯಿತ್ತು. ಅದು ವಿಶ್ವವಿದ್ಯಾನಿಲಯದ ಎಲ್ಲೆ. ಸಹ್ಯಾದ್ರಿ ಕಾಲೇಜಾಗಲಿ ಕಮಲಾ ನೆಹರು ಮಹಿಳಾ ಕಾಲೇಜಾಗಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ, ಇಲ್ಲಿಯವಳೊಬ್ಬಳು ಅಂತರ ವಿಶ್ವವಿದ್ಯಾನಿಲಯ ಪಂದ್ಯಕ್ಕೆ ಹೋಗಬೇಕಾದರೆ ಮೈಸೂರು ನಗರದ ಹುಡುಗಿಯರೊಡನೆ ಸೆಣಸಿ ತಂಡದಲ್ಲಿ ಸ್ಥಾನ ಗಳಿಸಬೇಕಾಗಿತ್ತು. 1987ರಲ್ಲಿ ಭದ್ರಾವತಿಯ ಸಮೀಪದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಉದಯಿಸಿದ ಮೇಲೆ ವಿಶ್ವವಿದ್ಯಾನಿಲಯ ತಂಡದ ಹನ್ನೆರಡು ಅಂಗಿಗಳು ಮಲೆನಾಡಿನ ಪಾಲಿಗೇ ಬಂದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಬೇರೆಯಾದಾಗ, ದಾವಣಗೆರೆ ಚಿತ್ರದುರ್ಗಗಳ ಕಾಲೇಜುಗಳು ಅತ್ತ ಸರಿದು, ನಿನ್ನೆ ಪಾಸು ಕೊಡುತ್ತಿದ್ದವಳೇ ಇಂದು ಎದುರಾಳಿಯಾದಳು.

ಈ ಹನ್ನೆರಡು ಅಂಗಿಗಳಲ್ಲೊಂದಕ್ಕೆ ಆಸೆಪಟ್ಟವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಭದ್ರಾವತಿಯ ನ್ಯೂಟೌನಿನಲ್ಲಿ, 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯ ನೆರಳಿನಲ್ಲಿ ಬೆಳೆದು, ದಿನವೂ ಬಸ್ಸಿನಲ್ಲಿ ಶಿವಮೊಗ್ಗೆಗೆ ಓದಲು ಹೋಗುತ್ತಿದ್ದಳು. ಅವಳ ಕಾಲೇಜಿನಲ್ಲಿದ್ದುದು ಗಂಡುಮಕ್ಕಳ ಏಳನೆಯ ನಂಬರಿನ ಚೆಂಡು. ಹೆಂಗಸರ ಆಟಕ್ಕೆ ಅದಕ್ಕಿಂತ ಚಿಕ್ಕದಾದ, ಹಗುರವಾದ ಆರನೆಯ ನಂಬರು ನಿಗದಿಯಾಗಿ ವರ್ಷಗಳಾಗಿದ್ದರೂ ಅದನ್ನು ತರಿಸುವ ಯೋಚನೆ ಯಾರಿಗೂ ಹೊಳೆದಿರಲಿಲ್ಲ. ಆಯ್ಕೆಯ ದಿನ ಮೊದಲ ಬಾರಿಗೆ ಆರರ ಚೆಂಡನ್ನು ಹಿಡಿದು, ಅಭ್ಯಾಸಬಲದಿಂದ ಎಸೆದುದೆಲ್ಲ ಬೋರ್ಡಿನ ಮೇಲಂಚಿಗೆ ಬಡಿದು ಹಿಂದಕ್ಕೆ ಬಂತೆಂದು ಅವಳು ಹೇಳುವಾಗ ಈಗಲೂ ಅವಳ ಮಣಿಕಟ್ಟು ತಾನಾಗಿ ಬಾಗುತ್ತದೆ. ಅಂಗಿ ಸಿಗಲಿಲ್ಲ.

ಅವಳು ಓದುತ್ತಿದ್ದಾಗ, ಒಂದು ಜುಲೈ ಬೆಳಗ್ಗೆ ನಾನು ಅವಳ ಕಾಲೇಜಿನ ಅಂಕಣವನ್ನು ನೋಡಿದ್ದೆ. ರಾತ್ರಿಯೆಲ್ಲ ಸುರಿದ ಮಳೆಯ ನೀರು ಸಿಮೆಂಟಿನ ತಗ್ಗುಗಳಲ್ಲಿ ನಿಂತಿತ್ತು. ನಾಲ್ವರು ಹುಡುಗಿಯರು ಚೂಡಿದಾರದ ಕಾಲುಗಳನ್ನು ಮೇಲಕ್ಕೆ ಸುತ್ತಿಕೊಂಡು, ಗೋಣಿಚೀಲಗಳಿಂದ ನೀರನ್ನು ಹೀರಿಸಿ ಹಿಂಡುತ್ತಿದ್ದರು. ತಂಗಿಯ ಮಗಳು ತೂತು ಕೊರೆದ ಡಬ್ಬದಿಂದ ಸುಣ್ಣದ ಪುಡಿ ಉದುರಿಸುತ್ತ ಗೆರೆ ಎಳೆಯುತ್ತಿದ್ದಳು. “ಲೇ, ಪಾಸ್ ಕೊಡೇ!” ಎಂಬ ಕೂಗೆದ್ದು ಹತ್ತು ನಿಮಿಷವಾಗಿರಲಿಲ್ಲ, ಮತ್ತೆ ಜಡಿ ಹಿಡಿಯಿತು. ಶೈಕ್ಷಣಿಕ ವರ್ಷದ ಪೂರ್ವಾರ್ಧವೆಲ್ಲ ಮಳೆಗಾಲದ ಪಾಲಾಗುವ ಊರಿನಲ್ಲಿ ಬಯಲಿನ ಅಂಕಣವೆಂದರೆ ಅರ್ಧ ವರ್ಷದ ಅಂಕಣವೇ ಸರಿ.

2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ಪಿನ ‘ಬಿ’ ವಿಭಾಗದ ಪಂದ್ಯಗಳು ನಡೆದು, ಅನಿತಾ ಪೌಲ್‌ದೊರೈ ನಾಯಕತ್ವದ ಭಾರತದ ವನಿತೆಯರು ಫೈನಲ್ಲಿನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೇರಿದರು. ತಂಗಿಯ ಮಗಳು ತನ್ನ ಮಗಳನ್ನು ಕರೆದುಕೊಂಡು ಅಂದು ಅಲ್ಲಿ ಕುಳಿತಿದ್ದಳು. ಎರಡೇ ಅಂಕಗಳ ಗೆಲುವಿನ ರೋಮಾಂಚನವನ್ನು ಕೇಳಬೇಕೆಂದು ಕಾದಿದ್ದ ನನಗೆ ಫೋನಿನಲ್ಲಿ ಅವಳು ಮೊಟ್ಟಮೊದಲು ಹೇಳಿದ್ದು ಆಟದ ವಿಷಯವಲ್ಲ.

“ಮಾವ, ಜುಲೈನಲ್ಲಿ ಒಣಗಿದ ಕೋರ್ಟು!”