ರಾತ್ರಿ ಎಲ್ಲಿ ಮಲಗುತ್ತೀರಿ? ಕಾರವಾರದ ಕರಾವಳಿ ಉತ್ಸವಕ್ಕೆ ಹೋಗಿಬಂದ ಲೆಕ್ಕ



ಸಮುದ್ರದ ದಂಡೆಯ ಮರಳಿನ ಮೇಲೆ ಕೂತು ರಾತ್ರಿ ಹಾಡು ಕೇಳಬೇಕು ಎಂಬ ಆಸೆ ನಮ್ಮ ತರಗತಿಯಲ್ಲಿ ಬಹಳ ಜನಕ್ಕಿದೆ. ಆಸೆ ಇದ್ದವರು ಹೆಚ್ಚು, ಹೋಗಿಬಂದವರು ಕಡಿಮೆ. ನಾನು ಹೋಗಿಬಂದೆ. ಅದಕ್ಕೇ ಈ ಲೇಖನ. ಹಾಡಿನ ಬಗ್ಗೆ ಕೊನೆಯಲ್ಲಿ ಸ್ವಲ್ಪ ಬರೆಯುತ್ತೇನೆ. ಮೊದಲು ಬಸ್ಸು, ರೈಲು, ರೂಮಿನ ವಿಷಯ.

ಕರಾವಳಿ ಉತ್ಸವ ಎಂಬ ಹೆಸರಿನಲ್ಲಿ ಮಂಗಳೂರಿನಲ್ಲೂ ಕಾರ್ಯಕ್ರಮ ನಡೆಯುತ್ತದೆ, ಕಾರವಾರದಲ್ಲೂ ನಡೆಯುತ್ತದೆ. ನಾನು ಬರೆಯುತ್ತಿರುವುದು ಕಾರವಾರದ್ದರ ಬಗ್ಗೆ. ಅದನ್ನು ನಡೆಸುವುದು ಉತ್ತರ ಕನ್ನಡ ಜಿಲ್ಲಾಡಳಿತ. ಜಾಗ ರವೀಂದ್ರನಾಥ ಟ್ಯಾಗೋರ್ ಕಡಲತೀರ. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಕವಿ ಅಲ್ಲಿಗೆ ಬಂದು ಉಳಿದಿದ್ದರು. ಆ ನೆನಪಿಗೆ ಈ ಹೆಸರು.

ನಾನು ಮೊದಲ ಸಲ ಮನೆಯಲ್ಲಿ ಈ ಮಾತು ಎತ್ತಿದಾಗ ಅಬ್ಬಾ ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ನಮ್ಮ ಮನೆಮಾತಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ರಾತ್ ಕು ಕಾಂ ಸೋತೇ?" ಅಂದರೆ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರು ಹಾಡುತ್ತಾರೆ ಅಂತ ಮಾತ್ರ ಗೊತ್ತಿತ್ತು.

ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಯೋಜನೆ ಎಂಬ ಅಧ್ಯಾಯ ಇದೆಯಲ್ಲ? ಗುರಿ ಇಟ್ಟುಕೊಳ್ಳಿ, ಪರ್ಯಾಯಗಳನ್ನು ಹುಡುಕಿ, ತೂಗಿ ನೋಡಿ, ಆರಿಸಿ ಎಂದು ಅದರಲ್ಲಿ ಹೇಳಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆ ಸಂಜೆ ಮಾತ್ರ ನಿಜವಾಗಿ ಪುಸ್ತಕ ತೆಗೆದು ಒಂದು ಹಾಳೆ ಬರೆದೆ. ಬರೆಯುತ್ತಾ ಒಂದು ವಿಷಯ ಗೊತ್ತಾಯಿತು. ಇಂಥ ಪ್ರವಾಸದ ಲೆಕ್ಕವನ್ನು ಮನೆಯ ಬಾಗಿಲಿನಿಂದ ಶುರು ಮಾಡಬಾರದು. ಹಾಡು ಮುಗಿಯುವ ಹೊತ್ತಿನಿಂದ ಶುರು ಮಾಡಿ ಹಿಂದಕ್ಕೆ ಬರಬೇಕು.

ಮೊದಲು: ಹಾಡು ಎಷ್ಟು ಗಂಟೆಗೆ ಮುಗಿಯುತ್ತದೆ?

ಇದಕ್ಕೆ ಕಾನೂನಿನಲ್ಲೇ ಸುಳಿವು ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ ಅಥವಾ ಹಬ್ಬದ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಹಾಗಾಗಿ ನನ್ನ ಹಾಳೆಯ ಮೇಲ್ಗಡೆ "ರಾತ್ರಿ 12" ಅಂತ ಬರೆದೆ. ಅಷ್ಟು ಹೊತ್ತಿನಲ್ಲಿ ಸಾವಿರಾರು ಜನ ಒಟ್ಟಿಗೆ ಎದ್ದು ಒಂದೇ ರಸ್ತೆಗೆ ಬರುತ್ತಾರೆ. ಕಡಲತೀರದ ಪಕ್ಕದಲ್ಲೇ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಅದು. ಆಗ ನಾವು ಐದು ಜನ, ಅಂದರೆ ಅಮ್ಮಿ, ಖಾಲಾ, ಮಾಮು, ನಾನು, ಹತ್ತು ವರ್ಷದ ತಮ್ಮ, ಎಲ್ಲಿಗೆ ಹೋಗುತ್ತೇವೆ, ಹೇಗೆ ಹೋಗುತ್ತೇವೆ? ಅಬ್ಬಾ ಕೇಳಿದ್ದು ಇದನ್ನೇ.

ಎರಡನೆಯದು: ರೂಮು

ಕಾರವಾರದ ರೈಲು ನಿಲ್ದಾಣ ಊರೊಳಗೆ ಇಲ್ಲ. ಕೆಲವು ಕಿಲೋಮೀಟರ್ ದೂರ ಶಿರವಾಡದಲ್ಲಿದೆ. ಬಸ್ ನಿಲ್ದಾಣ ಮಾತ್ರ ಊರಲ್ಲೇ ಇದೆ, ಅಲ್ಲಿಂದ ಕಡಲಿಗೆ ನಡೆದೇ ಹೋಗಬಹುದು. ನಮಗೆ ಎರಡು ಲಾಡ್ಜ್ ಸಿಕ್ಕವು. ಒಂದು ಊರ ಹೊರಗೆ, ಐದು ಜನಕ್ಕೆ 1,500 ರೂಪಾಯಿ. ಇನ್ನೊಂದು ಕಡಲತೀರಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ, ಹೆಚ್ಚುವರಿ ಹಾಸಿಗೆ ಸೇರಿ 2,400 ರೂಪಾಯಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5. ಅದಕ್ಕೆ ಮೊದಲು ಶೇಕಡಾ 12 ಇತ್ತು. ಅದನ್ನೂ ಸೇರಿಸಿದರೆ ಒಂದು 1,575, ಇನ್ನೊಂದು 2,520. ವ್ಯತ್ಯಾಸ 945 ರೂಪಾಯಿ.

ಅಮ್ಮಿ ತಕ್ಷಣ ಕಡಿಮೆಯದ್ದು ಸಾಕು ಅಂದರು. ನಾನು ಇನ್ನೊಂದು ಸಾಲು ಬರೆದೆ. ಒಂದು ಆಟೋದಲ್ಲಿ ಮೂರು ಜನ. ಐದು ಜನಕ್ಕೆ ಎರಡು ಆಟೋ ಬೇಕು. ಹೋಗುವುದಕ್ಕೆ, ಬರುವುದಕ್ಕೆ ಸೇರಿ ನಾಲ್ಕು ಬಾಡಿಗೆ. ಹಬ್ಬದ ರಾತ್ರಿ ಒಂದಕ್ಕೆ 200 ಕೇಳುತ್ತಾರೆ ಅಂತ ಇಟ್ಟುಕೊಂಡರೆ 800 ರೂಪಾಯಿ. ಉಳಿತಾಯ ಬರೀ 145. ಜೊತೆಗೆ ಮಾಮು ಒಂದು ಆಟೋದಲ್ಲಿ ಕೂತರೆ ಇನ್ನೊಂದರಲ್ಲಿ ಹೆಂಗಸರು ಮಾತ್ರ, ಅದೂ ಗೊತ್ತಿಲ್ಲದ ಊರಲ್ಲಿ, ನಡುರಾತ್ರಿ. 145 ರೂಪಾಯಿಗೆ ಇದು ಬೇಡ ಅಂತ ಅಮ್ಮಿಯೇ ಹೇಳಿದರು.

ನನ್ನ ತಪ್ಪು

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆದರೆ ಬೇರೆಯವರು ಉಳಿದುಕೊಳ್ಳಬಹುದು.

ಈ ಎರಡು ಲಾಡ್ಜ್ ಸಿಗುವ ಮೊದಲೇ ನಾನು ಫೋನಿನಲ್ಲಿ ಒಂದು ರೂಮು ನೋಡಿದ್ದೆ. ಕಿಟಕಿಯಿಂದ ಸಮುದ್ರ ಕಾಣುವ ಫೋಟೋ. "ಒಂದೇ ರೂಮು ಉಳಿದಿದೆ, ಈಗಲೇ ಅಡ್ವಾನ್ಸ್ ಹಾಕಿ" ಅಂದರು. ನಾನು ಸಂಜೆ ಹೊತ್ತು ಅಮೃತಹಳ್ಳಿಯಲ್ಲಿ ನಮ್ಮ ಬೀದಿಯ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟ ದುಡ್ಡಿನಲ್ಲಿ 1,000 ರೂಪಾಯಿ ಯುಪಿಐ ಮಾಡಿದೆ. ಮರುದಿನ ಆ ನಂಬರ್ ಸ್ವಿಚ್ ಆಫ್.

ನಾಲ್ಕು ದಿನ ಮನೆಯಲ್ಲಿ ಹೇಳಲಿಲ್ಲ. ದುಡ್ಡು ಹೋಗಿದ್ದಕ್ಕಿಂತ, ಹೇಳಿದರೆ "ರೂಮೇ ಹಿಡಿಯೋಕೆ ಬರದವಳು ಅಷ್ಟು ದೂರ ಹೋಗ್ತಾಳಂತೆ" ಅಂತ ಪ್ರವಾಸವೇ ನಿಂತುಹೋಗುತ್ತದೆ ಎಂಬ ಭಯ. ಐದನೇ ದಿನ ಅಬ್ಬಾ ಟ್ಯಾಕ್ಸಿ ನಿಲ್ಲಿಸಿ ಊಟಕ್ಕೆ ಕೂತಾಗ ಹೇಳಿದೆ. ಅವರು ಬಯ್ಯಲಿಲ್ಲ. "ಮೊದಲ ದಿನವೇ ಹೇಳಬೇಕಿತ್ತು ಬೇಟಾ" ಅಂದರು. ನಂತರ ನನ್ನ ಹಾಳೆ ತೆಗೆದುಕೊಂಡು, ಆ ಸಾವಿರವನ್ನೂ ಖರ್ಚಿನ ಕಡೆ ಬರೆ ಅಂದರು. ಬರೆದೆ.

ಇಂಥದ್ದು ಆದರೆ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಮಾಡಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ನಾನು ಕಳೆದ ನಾಲ್ಕು ದಿನವೇ ಮುಖ್ಯವಾದ ದಿನಗಳು. ದೂರು ಕೊಟ್ಟೆವು, ಹಣ ಇನ್ನೂ ಬಂದಿಲ್ಲ. ಲಾಡ್ಜ್ ನಿಜವಾಗಿ ಇದ್ದು, ಹೇಳಿದ್ದೊಂದು ಕೊಟ್ಟಿದ್ದೊಂದು ಎಂದಾದರೆ ಗ್ರಾಹಕರ ಸಹಾಯವಾಣಿ 1915.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ನನಗೆ ಹದಿನೇಳು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ವಯಸ್ಕರು ಮಾತ್ರ ಕರಾರು ಮಾಡಬಹುದು. ಹದಿನೆಂಟು ತುಂಬದವರು ಮಾಡಿದ ಕರಾರಿಗೆ ಬೆಲೆ ಇಲ್ಲ ಎಂದು 1903ರಲ್ಲೇ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಲಾಡ್ಜಿನವರೂ ದೊಡ್ಡವರ ಗುರುತಿನ ಚೀಟಿ ಇಲ್ಲದೆ ರೂಮು ಕೊಡುವುದಿಲ್ಲ. ಹಾಗಾಗಿ ಗೆಳೆಯರು, ಗೆಳತಿಯರು ಮಾತ್ರ ಸೇರಿ ಹೊರಟರೆ ರಾತ್ರಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ನಮ್ಮ ರೂಮನ್ನು ಮಾಮು ಅವರ ಹೆಸರಿನಲ್ಲಿ ಹಿಡಿದೆವು.

ಹಿಡಿಯುವ ಮೊದಲು ಈ ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಿ:

1. ಲೆಕ್ಕ 24 ಗಂಟೆಯದೋ, ಮಧ್ಯಾಹ್ನ 12ರದೋ? ಬೆಳಗ್ಗೆ ತಲುಪುವವರಿಗೆ ಇದರಿಂದ ಅರ್ಧ ದಿನದ ಬಾಡಿಗೆ ವ್ಯತ್ಯಾಸ ಆಗುತ್ತದೆ.
2. ರಾತ್ರಿ ಎಷ್ಟು ಗಂಟೆಗೆ ಗೇಟು ಹಾಕುತ್ತೀರಿ?
3. ರೂಮು ಬಿಟ್ಟ ಮೇಲೆ ಸಂಜೆಯವರೆಗೆ ಬ್ಯಾಗು ಇಟ್ಟುಕೊಳ್ಳುತ್ತೀರಾ?
4. ಹೇಳಿದ ದರದಲ್ಲಿ ತೆರಿಗೆ, ಹೆಚ್ಚುವರಿ ಹಾಸಿಗೆ ಸೇರಿದೆಯಾ?
5. ಅಡ್ವಾನ್ಸಿಗೆ ಲಾಡ್ಜಿನ ಹೆಸರಿನಲ್ಲಿ ರಸೀದಿ ಕೊಡುತ್ತೀರಾ? ಹಣ ಹೋಗುವ ಖಾತೆಯ ಹೆಸರು ಲಾಡ್ಜಿನದಾ?

ಐದನೆಯದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಮೂರನೆಯದು: ವಾಪಸ್ ಬರುವುದು, ಆಮೇಲೆ ಹೋಗುವುದು

ರೂಮು ಗೊತ್ತಾದ ಮೇಲೆ ವಾಪಸ್ ಬರುವ ಟಿಕೆಟ್ ನೋಡಬೇಕು. ಸೋಮವಾರ ಕಾಲೇಜು, ಅಬ್ಬಾಗೆ ಕೊಟ್ಟ ಮಾತು. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಎರಡೂ ಕಡೆಯಿಂದ ಸಂಜೆ ಹೊರಟು ಮರುದಿನ ಬೆಳಗ್ಗೆ ತಲುಪುತ್ತದೆ. ಯಶವಂತಪುರದಲ್ಲಿ ನಿಲ್ಲುವುದರಿಂದ ನಮ್ಮ ಕಡೆಯವರು ಮೆಜೆಸ್ಟಿಕ್‌ವರೆಗೆ ಹೋಗಬೇಕಾಗಿಲ್ಲ. ಸ್ಲೀಪರ್ ಟಿಕೆಟ್ ಒಬ್ಬರಿಗೆ 500 ರೂಪಾಯಿಗಿಂತ ಕಡಿಮೆ. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಬರ್ತ್ ಬೇಡ ಅಂದರೆ ಅರ್ಧ ದರ, ಬರ್ತ್ ಬೇಕು ಅಂದರೆ ಪೂರ್ತಿ ದರ. ತಮ್ಮನಿಗೆ ಪೂರ್ತಿ ಕೊಟ್ಟೆವು. ರಾತ್ರಿಯೆಲ್ಲ ಅವನನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಇಬ್ಬರಿಗೂ ನಿದ್ದೆ ಇಲ್ಲ.

ತೊಂದರೆ ಇರುವುದು ದಿನಾಂಕದಲ್ಲಿ. ರೈಲಿನ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ (2024ರ ನವೆಂಬರಿಗೆ ಮೊದಲು 120 ದಿನ ಇತ್ತು). ನಮಗೆ ಉತ್ಸವದ ದಿನಾಂಕ ಗೊತ್ತಾಗುವ ಹೊತ್ತಿಗೆ ಮೂರು ವಾರ ಮಾತ್ರ ಉಳಿದಿತ್ತು. ಭಾನುವಾರ ಸಂಜೆ ಕಾರವಾರದಿಂದ ಬರುವ ರೈಲಿನಲ್ಲಿ ಬರ್ತ್ ಸಿಕ್ಕಿತು. ಶುಕ್ರವಾರ ಹೋಗುವ ರೈಲಿನಲ್ಲಿ ವೇಟಿಂಗ್ ಲಿಸ್ಟ್. ಚಾರ್ಟ್ ಆದ ಮೇಲೂ ಹೆಸರು ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ಆನ್‌ಲೈನ್ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ರೈಲು ಹತ್ತುವಂತಿಲ್ಲ. ಎಸಿ ಇಲ್ಲದ ತರಗತಿಗೆ ತತ್ಕಾಲ್ ತೆರೆಯುವುದು ಹಿಂದಿನ ದಿನ ಬೆಳಗ್ಗೆ 11ಕ್ಕೆ. ಸಿಕ್ಕರೆ ಸಿಕ್ಕಿತು ಅನ್ನುವ ಮಾತು ಅದು. ರೂಮಿಗೆ ಅಡ್ವಾನ್ಸ್ ಕೊಟ್ಟಾದ ಮೇಲೆ ಅದನ್ನು ನಂಬಿ ಕೂರಲು ಮಾಮು ಒಪ್ಪಲಿಲ್ಲ.

ಉಳಿದದ್ದು ಬಸ್ಸು. ರಸ್ತೆಯಲ್ಲಿ ತುಮಕೂರು, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಹೋಗಬೇಕು. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ವೇಗದೂತದಲ್ಲಿ ಹೋಗಿದ್ದರೆ ಅಮ್ಮಿ, ಖಾಲಾ, ನನ್ನ ಟಿಕೆಟ್ ಸೊನ್ನೆ. ಅಂಕೆ ನೋಡಿದರೆ ಅದೇ ಸರಿ. ಆದರೆ ಅಮ್ಮಿಗೆ ಮಂಡಿ ನೋವು. ರಾತ್ರಿಯಿಡೀ ಕಾಲು ಮಡಚಿ ಕೂತು ಬಂದರೆ ಮರುದಿನ ಮರಳಿನಲ್ಲಿ ನಡೆಯುವುದು ಹೇಗೆ? ದುಡ್ಡು ಕೊಟ್ಟು ಸರ್ಕಾರಿ ಸ್ಲೀಪರ್ ಬಸ್ಸಿನಲ್ಲೇ ಹೋದೆವು. ಬೇರೆ ಕಡೆ ಉಳಿಸಿದ್ದು ಇಲ್ಲಿ ಹೋಯಿತು. ನಿಮ್ಮ ಗುಂಪಿನಲ್ಲಿ ಎಲ್ಲರ ಮಂಡಿಯೂ ಗಟ್ಟಿ ಇದ್ದರೆ ವೇಗದೂತವೇ ಹಿಡಿಯಿರಿ, ಆಧಾರ್ ಕಾರ್ಡ್ ಮರೆಯಬೇಡಿ.

ಬಸ್ಸು ಹತ್ತುವ ಜಾಗಕ್ಕೆ ಗೊರಗುಂಟೆಪಾಳ್ಯ ಅಂತ ಹಾಕಿ. ಅಮೃತಹಳ್ಳಿಯಿಂದ ಹೆಬ್ಬಾಳಕ್ಕೆ ಬಂದು, ರಿಂಗ್ ರಸ್ತೆಯಲ್ಲಿ ಬಿಇಎಲ್ ಸರ್ಕಲ್ ಮೇಲೆ ಹೋದರೆ ಆಯಿತು. ಶುಕ್ರವಾರ ಸಂಜೆಯ ಹೆಬ್ಬಾಳ ನಿಮಗೇ ಗೊತ್ತು. ನಾವು ಎರಡು ಗಂಟೆ ಮೊದಲು ಮನೆ ಬಿಟ್ಟೆವು. ಮಗ್ರಿಬ್ ನಮಾಜ್ ದಾರಿಯ ಮಸೀದಿಯಲ್ಲಿ ಮಾಡಿ ಬಂದ ಮಾಮು ಓಡೋಡಿ ಬಸ್ಸು ಹತ್ತಿದರು.

ಆ ರಾತ್ರಿ

ಶನಿವಾರ ಬೆಳಗ್ಗೆ ಕಾರವಾರದಲ್ಲಿ ಇಳಿದಾಗ ಅಮ್ಮಿ ರೂಮಿಗೂ ಹೋಗದೆ ಸಮುದ್ರ ನೋಡೋಣ ಅಂದರು. ನಲವತ್ತೇಳು ವರ್ಷಕ್ಕೆ ಅವರು ಮೊದಲ ಸಲ ಸಮುದ್ರ ನೋಡಿದ್ದು. ಚಪ್ಪಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

ರಾತ್ರಿ ಸಿನಿಮಾ ಹಾಡುಗಳಿಗೆ ತಮ್ಮ ಕುಣಿದ. ನನಗೆ ಹಿಡಿಸಿದ್ದು ಅದಕ್ಕೂ ಮೊದಲು ಬಂದ ಸಿದ್ದಿಯರ ಡಮಾಮಿ. ಯಲ್ಲಾಪುರ, ಹಳಿಯಾಳದ ಕಡೆ ಇರುವ, ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಆ ಡೋಲಿನ ಸದ್ದು ಮರಳಿನ ಮೂಲಕ ಕಾಲಿಗೆ ಬರುತ್ತಿತ್ತು. ಟಿಕೆಟ್ ಏನೂ ಇರಲಿಲ್ಲ, ಮರಳಿನ ಮೇಲೆ ಕೂತು ಕೇಳಿದೆವು.

ಮುಗಿದಾಗ ನಾನು ಬರೆದ ಹಾಗೆಯೇ ಆಯಿತು. ರಸ್ತೆ ತುಂಬ ಜನ. ಆಟೋ ಹತ್ತಿರ ಚೌಕಾಸಿ, ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತ ಅಪ್ಪಂದಿರು. ನಾವು ಐದು ಜನ ಮಾತಾಡುತ್ತಾ ನಡೆದು ಹೋಗಿ ರೂಮಿನ ಬಾಗಿಲು ತೆಗೆದೆವು. ನಾನು ಅಬ್ಬಾಗೆ ಫೋನ್ ಮಾಡಿದೆ. ಅವರು ಏರ್‌ಪೋರ್ಟ್ ಬಾಡಿಗೆಗೆ ಕಾಯುತ್ತಿದ್ದರು. "ರೂಮಿಗೆ ಬಂದ್ವಿ" ಅಂದೆ. "ಸರಿ, ಮಲಗು" ಅಂದರು, ಅಷ್ಟೇ.

ಸೋಮವಾರ ಬೆಳಗ್ಗೆ ಯಶವಂತಪುರದಲ್ಲಿ ಇಳಿದು, ಮನೆಗೆ ಹೋಗಿ ಸ್ನಾನ ಮಾಡಿ, ಎರಡನೇ ಪಿರಿಯಡ್‌ಗೆ ಬಂದೆ. ಲೆಕ್ಕ ಮುಗಿಸಿದಾಗ ಅಂದಾಜಿಗಿಂತ ಖರ್ಚು ಹೆಚ್ಚಾಗಿತ್ತು. ಮುಖ್ಯ ಕಾರಣ ನಾನು ಕಳೆದ ಆ ಸಾವಿರ. ಹಾಳೆ ಈಗ ಅಬ್ಬಾ ಹತ್ತಿರ ಇದೆ. ಮುಂದಿನ ಸಲ ಅವರದ್ದೂ ಸೇರಿಸಿ ಆರು ಜನಕ್ಕೆ ಬರೆಯಬೇಕಂತೆ.

ಹೋಗುವ ಯೋಚನೆ ಇದ್ದವರು ಊಟದ ಬಿಡುವಿನಲ್ಲಿ ದ್ವಿತೀಯ ಪಿಯು ವಾಣಿಜ್ಯ ವಿಭಾಗಕ್ಕೆ ಬನ್ನಿ. ಹಾಳೆಯ ಒಂದು ಪ್ರತಿ ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಟ್ಟಿದ್ದೇನೆ. ನಿಮ್ಮ ಮನೆಯವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅದರ ಮೊದಲ ಸಾಲಿನಲ್ಲೇ ಇದೆ.