ಉಪ್ಪು, ಸಕ್ಕರೆ, ನೀರು

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಮೊದಲು ದೊರೆಯುವುದು ಔಷಧವಲ್ಲ, ಸಲಹೆ. ಮಗುವೊಂದು ಒಮ್ಮೆ ಸೀನಿದರೆ ಸಾಕು, ಅಜ್ಜಿ ಮೆಣಸಿನ ಕಷಾಯಕ್ಕೆ ಒಲೆ ಹೊತ್ತಿಸುತ್ತಾಳೆ. ಅಜ್ಜ ಹಬೆಯ ಮಹಿಮೆಯನ್ನು ವರ್ಣಿಸುತ್ತಾನೆ. ಸೋದರಮಾವ ತಾನು ಸದಾ ನುಂಗುವ ಮಾತ್ರೆಯ ಹೆಸರನ್ನು ಹೇಳುತ್ತಾನೆ. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ಇವರೆಲ್ಲರ ಮಾತನ್ನೂ ತಳ್ಳಿಹಾಕಿ ಹೊಸದೊಂದು ಪಥ್ಯವನ್ನು ಸೂಚಿಸಿ ಹೋಗುತ್ತಾಳೆ. ಶೀತವೇನೋ ಸಾಧು ಸ್ವಭಾವದ ಕಾಯಿಲೆ. ತಾನಾಗಿ ಬಂದು, ಕೆಲವು ದಿನ ಇದ್ದು, ತಾನಾಗಿ ಹೊರಟುಹೋಗುತ್ತದೆ. ಹೋದ ಮೇಲೆ ಅದನ್ನು ಓಡಿಸಿದ ಕೀರ್ತಿಯನ್ನು ಮಾತ್ರ ಈ ನಾಲ್ವರೂ ಹಂಚಿಕೊಳ್ಳುತ್ತಾರೆ.

ಆದರೆ ಎಲ್ಲ ಕಾಯಿಲೆಗಳೂ ಇಷ್ಟು ಸಾಧುವಲ್ಲ. ಮಾವಿನ ಹಣ್ಣಿನ ಕಾಲದಲ್ಲಿ ಜಾತ್ರೆಗೆ ಹೋದ ಹುಡುಗ ಕೈಗೆ ಸಿಕ್ಕಿದುದನ್ನೆಲ್ಲ ತಿಂದು, ಅಂಗಡಿಯ ಶರಬತ್ತನ್ನೂ ಕುಡಿದು ಮನೆಗೆ ಬರುತ್ತಾನೆ. ನಡುರಾತ್ರಿಯ ಹೊತ್ತಿಗೆ ಭೇದಿ ಹತ್ತಿಕೊಳ್ಳುತ್ತದೆ. ಮತ್ತೆ ಮನೆಯ ವೈದ್ಯಸಭೆ ಸೇರುತ್ತದೆ. “ಹುಡುಗನಿಗೆ ಒಂದು ತೊಟ್ಟು ನೀರನ್ನೂ ಕೊಡಬೇಡಿ, ಕೊಟ್ಟುದೆಲ್ಲ ಹೊರಗೆ ಹೋಗುತ್ತಿದೆ” ಎಂದು ಹಿರಿಯರೊಬ್ಬರು ತೀರ್ಪು ನೀಡುತ್ತಾರೆ. ಕೇಳಲು ಇದು ನ್ಯಾಯವಾದ ಮಾತೇ. ಸೋರುವ ಮಡಕೆಗೆ ನೀರು ಹಾಕುವುದನ್ನು ನಿಲ್ಲಿಸಿದರೆ ಸೋರುವುದೇನೋ ನಿಲ್ಲುತ್ತದೆ. ಆದರೆ ಆ ಮಡಕೆಯೊಳಗೆ ಒಂದು ಮೀನಿದ್ದರೆ ಅದರ ಗತಿಯೇನು? ಪ್ರೀತಿಯಿಂದಲೇ ನೀಡಿದ ಈ ಒಂದು ಸಲಹೆ ಹಿಂದೆ ಎಷ್ಟೋ ತೊಟ್ಟಿಲುಗಳನ್ನು ಬರಿದು ಮಾಡಿದೆ.

ಭೇದಿಯಲ್ಲಿ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ದೇಹದ ನೀರು ಬತ್ತಿಹೋಗುವುದರಿಂದ. ಮನುಷ್ಯನ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ಎಳೆಯ ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ಭೇದಿಯಾದಾಗ ನೀರಿನೊಡನೆ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳೂ ಹೊರಬೀಳುತ್ತವೆ. ರಕ್ತದ ಪ್ರಮಾಣ ಕುಗ್ಗುತ್ತದೆ, ನಾಡಿ ಕ್ಷೀಣಿಸುತ್ತದೆ, ಮೂತ್ರ ನಿಲ್ಲುತ್ತದೆ. ಕಾಲರಾದಂತಹ ರೋಗದಲ್ಲಿ ಇದೆಲ್ಲವೂ ಕೆಲವೇ ಗಂಟೆಗಳಲ್ಲಿ ನಡೆದುಹೋಗಬಹುದು. ಆದುದರಿಂದ ಭೇದಿಯಾದವನಿಗೆ ಮೊದಲು ಬೇಕಾದುದು ಕಳೆದುಹೋದ ನೀರು ಮತ್ತು ಉಪ್ಪು.

ಹಾಗಾದರೆ ಬರಿಯ ನೀರು ಕುಡಿಸಿದರೆ ಸಾಲದೇ? ಸಾಲದು. ಬರಿಯ ನೀರು ಕಳೆದ ಉಪ್ಪನ್ನು ತುಂಬಿಕೊಡಲಾರದು. ಅಲ್ಲದೆ ಕರುಳು ನೀರನ್ನು ಹೀರಿಕೊಳ್ಳುವ ಬಗೆಯಲ್ಲಿ ಒಂದು ಸೊಗಸಾದ ಗುಟ್ಟಿದೆ. ಕರುಳಿನ ಒಳಗೋಡೆಯಲ್ಲಿ ಅತಿ ಸೂಕ್ಷ್ಮವಾದ ದ್ವಾರಗಳಿವೆ. ಅವುಗಳಲ್ಲಿ ಒಂದು ಬಗೆಯ ದ್ವಾರ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಕೈಹಿಡಿದು ಬಂದಾಗ ಮಾತ್ರ ತೆರೆಯುತ್ತದೆ. ಅವೆರಡೂ ಒಳಹೊಕ್ಕರೆ, ಮದುವಣಿಗರ ಹಿಂದೆ ದಿಬ್ಬಣ ನುಗ್ಗುವಂತೆ, ನೀರೂ ಅವುಗಳನ್ನು ಹಿಂಬಾಲಿಸುತ್ತದೆ. ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ 1960ರಲ್ಲಿ ಈ ಜೋಡಿ ಪ್ರವೇಶದ ತತ್ತ್ವವನ್ನು ಮಂಡಿಸಿದನು. ವಿಶೇಷವೆಂದರೆ, ಭೇದಿ ಉಗ್ರವಾಗಿದ್ದಾಗಲೂ ಈ ದ್ವಾರ ಕೆಲಸ ಮಾಡುತ್ತಲೇ ಇರುತ್ತದೆ. ನಮ್ಮ ಅಡುಗೆಮನೆಯ ಸಕ್ಕರೆ ಹೊಟ್ಟೆಗೆ ಹೋದ ಮೇಲೆ ಒಡೆದು ಗ್ಲೂಕೋಸನ್ನು ಕೊಡುತ್ತದೆ. ಹೀಗೆ ಉಪ್ಪು ಮತ್ತು ಸಕ್ಕರೆ ಜೊತೆಗೂಡಿ ನೀರಿಗೆ ದಾರಿ ಮಾಡಿಕೊಡುತ್ತವೆ.

ಈ ತತ್ತ್ವದ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲಿಯೇ. 1971ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಯುದ್ಧ ನಡೆಯುತ್ತಿದ್ದಾಗ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಎಂಬ ಊರಿನ ಬಳಿಯ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು. ರಕ್ತನಾಳಕ್ಕೆ ಹರಿಸುವ ಲವಣದ್ರಾವಣ ಮುಗಿಯುತ್ತ ಬಂದಿತ್ತು. ಆಗ ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್ ಮತ್ತು ಸೋಡಾ ಬೆರೆಸಿದ ನೀರನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಲೋಟಗಳಲ್ಲಿ ಕುಡಿಸಿದರು. ಮೊದಲು ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದ ಕಡೆ, ಈ ಚಿಕಿತ್ಸೆ ಪಡೆದವರಲ್ಲಿ ಸಾವಿನ ಸಂಖ್ಯೆ ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಇಷ್ಟು ದೊಡ್ಡ ಕೆಲಸ ಮಾಡಿದ ಈ ವೈದ್ಯರು 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ಘೋಷಿಸಿತು.

ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸೇವಾಸಂಸ್ಥೆ 1980ರಿಂದ ಹತ್ತು ವರ್ಷಗಳ ಕಾಲ ಈ ವಿದ್ಯೆಯನ್ನು ಮನೆಮನೆಗೆ ಕೊಂಡೊಯ್ದಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಇಷ್ಟೇ ಪಾಠ. ಕಲಿಸಿದವರು ಮಹಿಳಾ ಕಾರ್ಯಕರ್ತೆಯರು. ಕಲಿತವರು ಹಳ್ಳಿಯ ತಾಯಂದಿರು. ತಾಯಂದಿರು ಪಾಠವನ್ನು ಎಷ್ಟು ಚೆನ್ನಾಗಿ ನೆನಪಿಟ್ಟಿದ್ದಾರೆಂದು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಕಲಿಸಿದವರಿಗೆ ಸಂಬಳ ಕೊಡುತ್ತಿದ್ದರು!

ಇಂದು ಈ ಲವಣಗಳ ಪೊಟ್ಟಣಗಳು ಔಷಧದ ಅಂಗಡಿಗಳಲ್ಲಿಯೂ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿಯೂ ದೊರೆಯುತ್ತವೆ. ಓ.ಆರ್.ಎಸ್. ಎಂಬುದು ಅದರ ಹೆಸರು. ಪೊಟ್ಟಣವಿದ್ದರೆ ಅದೇ ಉತ್ತಮ. ಅದರಲ್ಲಿ ಪೊಟ್ಯಾಸಿಯಂ ಕೂಡ ಇರುತ್ತದೆ. ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಬೇಕು. ನಡುರಾತ್ರಿಯಲ್ಲಿ ಪೊಟ್ಟಣ ಸಿಗದಿದ್ದರೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಕೈಯನ್ನು ಸಾಬೂನಿನಿಂದ ತೊಳೆದುಕೊಂಡು, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಚಹಾ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕರಗಿಸಬೇಕು. ಬೆರೆಸಿದ ಮೇಲೆ ಕುದಿಸಬಾರದು; 24 ಗಂಟೆ ಕಳೆದರೆ ಚೆಲ್ಲಿ ಹೊಸದನ್ನು ಮಾಡಿಕೊಳ್ಳಬೇಕು.

ಈ ಅಳತೆಯಲ್ಲಿ ಧಾರಾಳತನ ಸಲ್ಲದು. ಮಗುವಿನ ಮೇಲಿನ ಮಮತೆಯಿಂದ ಸಕ್ಕರೆಯನ್ನು ಹೆಚ್ಚು ಸುರಿದರೆ, ಅದು ದೇಹದ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಅಂಗಡಿಯ ಸಿಹಿ ಪಾನೀಯಗಳು ಭೇದಿಗೆ ಮದ್ದಾಗದಿರುವುದಕ್ಕೆ ಇದೇ ಕಾರಣ. ಉಪ್ಪು ಮಿತಿಮೀರಿದರಂತೂ ಅಪಾಯ. ಕುಡಿಸುವ ಮೊದಲು ನಾಲಗೆಗೆ ಒಂದು ಹನಿ ಹಾಕಿ ನೋಡಬೇಕು. ಅದು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕೂ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ದೊಡ್ಡವರು ಬೇಕೆನಿಸಿದಷ್ಟು ಕುಡಿಯಬಹುದು. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಮತ್ತೆ ಮುಂದುವರಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು. ದೊಡ್ಡ ಮಕ್ಕಳನ್ನು ಉಪವಾಸ ಕೆಡವದೆ ಗಂಜಿ, ಮೊಸರನ್ನ, ಬಾಳೆಹಣ್ಣುಗಳನ್ನು ಕೊಡಬೇಕು. ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ, ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡಬೇಕು. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಚಿವುಟಿದ ಚರ್ಮ ನಿಧಾನವಾಗಿ ಇಳಿದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಮನೆಯ ವೈದ್ಯಸಭೆಯನ್ನು ಅಲ್ಲಿಗೇ ವಿಸರ್ಜಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯಲ್ಲಿಯೂ, ಕುಡಿಯಬಲ್ಲ ಮಗುವಿಗೆ ಕುಡಿಸುತ್ತಲೇ ಇರಬೇಕು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕೇಳದವರಾರು? ಆ ಉಪ್ಪನ್ನು ಅಳೆದು ಹಾಕುವ ವಿದ್ಯೆಯನ್ನು ಆ ತಾಯಿ ಕಲಿತರೆ ಗಾದೆಯ ಎರಡು ಭಾಗಗಳೂ ಒಂದಾಗುತ್ತವೆ. ಹಿರಿಯರ ಪ್ರೀತಿಯಲ್ಲಿ ಎಂದೂ ಕೊರತೆಯಿರಲಿಲ್ಲ. ಅವರ ಕಾಲಕ್ಕೆ ಈ ತಿಳಿವಳಿಕೆ ದೊರೆತಿರಲಿಲ್ಲ ಅಷ್ಟೆ. ಅದು ದೊರೆತಿರುವ ಇಂದಿನ ಮಕ್ಕಳು ನಡುರಾತ್ರಿಯ ಸಭೆಯಲ್ಲಿ ವಿನಯದಿಂದ ಎದ್ದುನಿಂತು, ಒಂದು ಚಮಚವನ್ನೂ ಒಂದು ತಂಬಿಗೆ ನೀರನ್ನೂ ಕೇಳಬೇಕು. ಆ ಸಭೆಯಲ್ಲಿ ಆಡಬೇಕಾದ ಅತ್ಯಂತ ಬೆಲೆಬಾಳುವ ಮಾತು ಅದೇ.