ಮನೆಯೇ ಪ್ರಯೋಗಶಾಲೆ: ಬಾಟಲಿಗೊಂದು ಹೆಸರಿರಲಿ

ವಿಜಯಪುರದಿಂದ ತಿಕೋಟಾ ಕಡೆಗೆ ಹೋಗಿ, ಇಲ್ಲವೇ ಬಬಲೇಶ್ವರದತ್ತ ಹೊರಳಿ. ಬೇಸಿಗೆ ಕಾಲಿಡುವ ಹೊತ್ತಿಗೆ ಹೊಲಗಳ ನಡುವೆ ಉದ್ದನೆಯ ಶೆಡ್ಡುಗಳು ಕಾಣುತ್ತವೆ. ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿರುತ್ತದೆ. ಶೆಡ್ಡಿನ ಮೂಲೆಯಲ್ಲಿ ಕ್ಯಾನು, ಚೀಲ, ಬಾಟಲಿಗಳ ರಾಶಿ. ಅಲ್ಲೇ ಸುಳಿದಾಡುವ ಮಕ್ಕಳು.

“ಅಪ್ಪಾ, ದ್ರಾಕ್ಷಿ ಯಾಕ ಈ ನೀರಾಗ ಅದ್ದತಾರ?”

“ಸುಮ್ನ ದೂರ ನಿಂದರು. ಏನೂ ಮುಟ್ಟಬ್ಯಾಡ.”

ಮಗುವಿನ ಪ್ರಶ್ನೆಯೂ ಸರಿ, ತಂದೆಯ ಎಚ್ಚರಿಕೆಯೂ ಸರಿ. ತಪ್ಪಿರುವುದು ಒಂದೇ ಕಡೆ: ಎಚ್ಚರಿಕೆ ಸಿಕ್ಕಿತು, ಉತ್ತರ ಸಿಗಲಿಲ್ಲ. ಉತ್ತರ ಸಿಗದ ಕುತೂಹಲ ಸುಮ್ಮನಿರುವುದಿಲ್ಲ. ದೊಡ್ಡವರು ಇಲ್ಲದ ಹೊತ್ತು ನೋಡಿ ಅದು ಮುಚ್ಚಳ ತೆಗೆಯುತ್ತದೆ.

ಅಸಲಿಗೆ ಉತ್ತರ ಸ್ವಾರಸ್ಯಕರವಾಗಿದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳ್ಳನೆಯ ಮೇಣದ ಪದರವಿರುತ್ತದೆ. ಒಳಗಿನ ನೀರು ಹೊರಹೋಗದಂತೆ ಅದು ತಡೆಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿದಾಗ ಆ ಪದರದ ಬಿಗಿ ಸಡಿಲುತ್ತದೆ, ಹಣ್ಣು ಬೇಗ ಒಣಗುತ್ತದೆ. ಪಠ್ಯಪುಸ್ತಕದ ರಸಾಯನಶಾಸ್ತ್ರ ನಮ್ಮ ಹೊಲದಲ್ಲೇ ನಡೆಯುತ್ತಿದೆ!

ಈಗ ಅನೇಕ ಪಾಲಕರು ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಕೆಮಿಸ್ಟ್ರಿ ಸೆಟ್ ಕೊಡಿಸುತ್ತಾರೆ. ಇನ್ನು ಕೆಲವರು “ಏನಾದರೂ ಆದೀತು” ಎಂದು ಹೆದರಿ ಬೇಡವೆನ್ನುತ್ತಾರೆ. ಈ ಹೆದರಿಕೆಗೆ ಕಾರಣವಿಲ್ಲದಿಲ್ಲ. ಅಮೆರಿಕದ ಗಿಲ್ಬರ್ಟ್ ಕಂಪನಿ 1950ರಲ್ಲಿ ಮಾರಾಟಕ್ಕೆ ತಂದ ಅಣುಶಕ್ತಿ ಪ್ರಯೋಗದ ಆಟಿಕೆ ಪೆಟ್ಟಿಗೆಯಲ್ಲಿ ಯುರೇನಿಯಂ ಅದಿರಿನ ಮಾದರಿಗಳೇ ಇದ್ದವು! ಅದು ಒಂದು ತುದಿಯಾದರೆ, ಬಣ್ಣದ ನೀರನ್ನು ಒಂದು ನಳಿಕೆಯಿಂದ ಇನ್ನೊಂದಕ್ಕೆ ಸುರಿಯುವುದಷ್ಟೇ ಆಗಿರುವ ಪೆಟ್ಟಿಗೆ ಇನ್ನೊಂದು ತುದಿ. ಮೊದಲನೆಯದರಲ್ಲಿ ಅಪಾಯ, ಎರಡನೆಯದರಲ್ಲಿ ಬೇಸರ. ನಮಗೆ ಬೇಕಾದದ್ದು ನಡುವಿನ ದಾರಿ.

ಪೆಟ್ಟಿಗೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ನಮ್ಮ ದೇಶದಲ್ಲಿ 2021ರ ಜನವರಿಯಿಂದ ಅದು ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲೆ ಬರೆದ ವಯಸ್ಸನ್ನು ಓದಿ. ಒಳಗಿನ ಪ್ರತಿ ಡಬ್ಬಿಗೂ ಹೆಸರಿದೆಯೇ ಎಂದು ಪರೀಕ್ಷಿಸಿ. ಹೆಸರಿಲ್ಲದ ಪುಡಿ ಎಷ್ಟೇ ಅಂದವಾಗಿದ್ದರೂ ಬೇಡ.

ಪೆಟ್ಟಿಗೆಯೇ ಬೇಕೆಂದೂ ಇಲ್ಲ. ಅಡುಗೆಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಒಂದು ರಜೆಗೆ ಸಾಕಾಗುವಷ್ಟು ಪ್ರಯೋಗಗಳಿವೆ.

ಅರಿಷಿಣ ಕಲಸಿದ ನೀರನ್ನು ಬಿಳಿ ಕಾಗದಕ್ಕೆ ಸವರಿ ಒಣಗಿಸಿ. ಅದರ ಮೇಲೆ ಸಾಬೂನಿನ ನೀರಿನಿಂದ ಹೆಸರು ಬರೆಯಿರಿ. ಅಕ್ಷರ ಕೆಂಪಾಗಿ ಮೂಡುತ್ತದೆ. ಲಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಸಾರು ಚೆಲ್ಲಿದ ಅಂಗಿ ಒಗೆಯುವಾಗ ಕಲೆ ಕೆಂಪಾಗುವ ಗುಟ್ಟು ಇದೇ.

ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಸೋಸಿ, ಎರಡು ಬಟ್ಟಲಿಗೆ ಹಾಕಿ. ಒಂದಕ್ಕೆ ಲಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿ. ಮೊದಲನೆಯದು ಗುಲಾಬಿ ಬಣ್ಣ ತಾಳಿದರೆ ಎರಡನೆಯದು ನೀಲಿ-ಹಸಿರಿನತ್ತ ತಿರುಗುತ್ತದೆ. ಆಮ್ಲ, ಪ್ರತ್ಯಾಮ್ಲಗಳ ಪಾಠ ಇಷ್ಟೇ.

ಬೋರ್‌ವೆಲ್ ನೀರು ಒಂದು ಬಾಟಲಿಯಲ್ಲಿ, ಹಿಡಿದಿಟ್ಟ ಮಳೆನೀರು ಇನ್ನೊಂದರಲ್ಲಿ ಇರಲಿ. ಎರಡಕ್ಕೂ ಸಮನಾಗಿ ಸಾಬೂನಿನ ನೀರು ಹನಿಸಿ ಕುಲುಕಿ, ನೊರೆಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದಷ್ಟೂ ನೊರೆ ಕಡಿಮೆ. ಅವ್ವ ಬಟ್ಟೆ ತಿಕ್ಕುವಾಗ ಗೊಣಗುವುದೇಕೆಂದು ಆಗ ತಿಳಿಯುತ್ತದೆ.

ಕೆಲವು ಪ್ರಯೋಗಗಳನ್ನು ಮಕ್ಕಳು ನೋಡಬೇಕು, ಮಾಡಬಾರದು. ದ್ರಾಕ್ಷಿ ಬೆಳೆಗಾರರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಈ ದ್ರಾವಣದ ಹುಟ್ಟು ತಮಾಷೆಯಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆಬದಿಯ ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗುಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಜಗತ್ತಿಗೆ ತಿಳಿಸಿದರು.

ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ರೈತರು ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಚೂರಿಗೆ ಕೆಂಪು ಲೇಪ ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಎಲೆ ಸುಟ್ಟೀತು, ಸುಣ್ಣ ಇನ್ನಷ್ಟು ಬೇಕು ಎಂದರ್ಥ. ಕಬ್ಬಿಣ ತಾಮ್ರವನ್ನು ಹೊರದೂಡುವ ಈ ಕ್ರಿಯೆ ಮಕ್ಕಳ ವಿಜ್ಞಾನದ ಪಾಠದಲ್ಲೂ ಬರುತ್ತದೆ. ಕೈಗವಸು ಹಾಕಿದ ತಂದೆ ಮಾಡಿ ತೋರಿಸಲಿ, ಮಗು ನಾಲ್ಕು ಹೆಜ್ಜೆ ದೂರ ನಿಂತು ನೋಡಿ ಬರೆದುಕೊಳ್ಳಲಿ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ. ಔಷಧಿ ಹೊಡೆಯುವಾಗ, ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುವಾಗ ಮಕ್ಕಳು ಹತ್ತಿರ ಸುಳಿಯಲೇಬಾರದು.

ಇನ್ನು ಕೆಲವಕ್ಕೆ ಮನೆಯಲ್ಲಿ ಜಾಗವೇ ಇಲ್ಲ. ಪಾಯಖಾನೆ ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಪಟಾಕಿ ಬಿಚ್ಚಿ ಮದ್ದು ತೆಗೆಯುವುದು, ಶಾಲೆಯ ಪ್ರಯೋಗಶಾಲೆಯಿಂದ ಏನನ್ನಾದರೂ ಜೇಬಿಗಿಳಿಸಿ ತರುವುದು ಬೇಡವೇ ಬೇಡ. ಎಲೆ ಅಡಿಕೆಯ ಸುಣ್ಣವೂ ಆಟದ ವಸ್ತುವಲ್ಲ. ಅದು ಸಿಡಿದರೆ ಕಣ್ಣೇ ಹೋದೀತು. ಕಣ್ಣಿಗೆ ಬಿದ್ದರೆ ಉಜ್ಜದೆ, ತಕ್ಷಣ ಶುದ್ಧ ನೀರಿನಿಂದ 15-20 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಏನಾದರೂ ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ, ಆ ಬಾಟಲಿಯ ಸಮೇತ ವೈದ್ಯರ ಬಳಿ ಒಯ್ಯಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಮಕ್ಕಳದಲ್ಲ, ನಮ್ಮದು. ಉಳಿದ ಕೀಟನಾಶಕವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು ಗೂಡಿನಲ್ಲಿ ಇಡುವ ರೂಢಿ ಎಷ್ಟು ಮನೆಗಳಲ್ಲಿಲ್ಲ? ಬಾಯಾರಿ ಬಂದ ಮಗುವಿಗೆ ಬಾಟಲಿಯ ಗುರುತಿದೆ, ಒಳಗಿನದರ ಗುರುತಿಲ್ಲ. ಕೆಮಿಸ್ಟ್ರಿ ಸೆಟ್ಟಿಗೆ ಹೆದರುವ ನಾವು ಮೊದಲು ಹೆದರಬೇಕಾದದ್ದು ಈ ಬಾಟಲಿಗೆ.

ಆದ್ದರಿಂದ ಆಟದಿಂದಲೇ ಶಿಸ್ತು ಆರಂಭವಾಗಲಿ. ಪ್ರಯೋಗದ ಪಾತ್ರೆ ಊಟದ ಪಾತ್ರೆಯಾಗಬಾರದು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ಯಾವುದನ್ನೂ ಚಮಚೆಗಿಂತ ಹೆಚ್ಚು ಬಳಸಬೇಡಿ, ರುಚಿ ನೋಡಬೇಡಿ. ಮುಗಿದ ಮೇಲೆ ಕೈ ತೊಳೆಯಿರಿ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ. ಕಂಡದ್ದನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಿರಲಿ, ಕಾವಲುಗಾರರಂತಲ್ಲ, ಜೊತೆಗಾರರಂತೆ.

ಅರಿಷಿಣದ ನೀರಿಗೆ ಚೀಟಿ ಅಂಟಿಸಲು ಕಲಿತ ಹುಡುಗಿ ನಾಳೆ ಶೆಡ್ಡಿಗೆ ಹೋದಾಗ ಸುಮ್ಮನಿರುವುದಿಲ್ಲ. “ಅಪ್ಪಾ, ಈ ಬಾಟಲಿಗೆ ಹೆಸರ ಇಲ್ಲಲ್ಲ?” ಎಂದು ಕೇಳಿಯೇ ಕೇಳುತ್ತಾಳೆ. ಆ ಒಂದು ಪ್ರಶ್ನೆ ಇಡೀ ಮನೆಯನ್ನು ಕಾಯಬಲ್ಲದು.